ಹಳೆ ಝೆನ್ ಹೊಸದು ಮಾಡುವುದು ಹೇಗೆ? ಬಣ್ಣಕ್ಕೆ ಮೊದಲು ರೇಡಿಯೇಟರ್ ನೋಡಿ

1993ರಲ್ಲಿ ಬಂದ ಮಾರುತಿ ಝೆನ್ ಲೆಕ್ಕಕ್ಕೆ ಸ್ಪೋರ್ಟ್ಸ್ ಕಾರೇನೂ ಅಲ್ಲ. ಆದರೆ 993 ಸಿಸಿಯ ಅಲ್ಯೂಮಿನಿಯಂ ಎಂಜಿನ್, ಹಗುರ ಬಾಡಿ, ನೆಲಕ್ಕೆ ಹತ್ತಿರದ ಸೀಟು. ಓಡಿಸಿದವರಿಗೆ ಅದರ ಮಜಾ ಗೊತ್ತು. ಅದನ್ನು ಕೊಂಡ ಬಳ್ಳಾರಿ ಹುಡುಗರು ಮೊದಲು ಬಣ್ಣ ಹೊಡೆಸುತ್ತಾರೆ, ಆಮೇಲೆ ಅಲಾಯ್ ವ್ಹೀಲ್, ಆಮೇಲೆ ಸದ್ದಿನ ಸೈಲೆನ್ಸರ್. ಮೇ ತಿಂಗಳಲ್ಲಿ ಎಂಜಿನ್ ಕಾದು ಊರಿನ ಸುಧಾ ಕ್ರಾಸ್ ಹತ್ತಿರ ಬಾನೆಟ್ ಎತ್ತಿ ನಿಲ್ಲುವುದೂ ಇವೇ ಗಾಡಿಗಳು.

ಕೊಳ್ಳುವಾಗ ಮ್ಯಾಟ್ ಎತ್ತಿ ನೆಲ ನೋಡಿ, ಸ್ಟೆಪ್ನಿ ತೆಗೆದು ಅದರ ಗುಂಡಿ ನೋಡಿ. ತುಕ್ಕು ತಿಂದು ತೂತಾಗಿದ್ದರೆ ಬೇರೆ ಗಾಡಿ ಹುಡುಕಿ.

ಇನ್ನು ಕೂಲಿಂಗ್. ಎಲ್ಲರೂ ಕೆಡಿಸುವ ಕೆಲಸ ಇದೇ, ನಿಧಾನವಾಗಿ ಮಾಡಿ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ರೇಡಿಯೇಟರ್ ಕ್ಯಾಪ್ ತೆಗೆಯಿರಿ. ಒಳಗೆ ಬಿಳಿ ಪುಡಿ ಕಟ್ಟಿದ್ದರೆ ಯಾರೋ ವರ್ಷಗಟ್ಟಲೆ ಬೋರ್ ನೀರು ಸುರಿದಿದ್ದಾರೆ ಅಂತಲೇ ಅರ್ಥ. ಕಂದು ಕೆಸರಿದ್ದರೆ ತುಕ್ಕು. ಆಯಿಲ್ ತೇಲುತ್ತಿದ್ದರೆ ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ ಬ್ಲಾಕ್‌ಗೂ ಅದರ ಮೇಲೆ ಕೂರುವ ಹೆಡ್‌ಗೂ ನಡುವಿನ ಸೀಲ್, ಹೋಗಿರುವ ಸಾಧ್ಯತೆಯೇ ಜಾಸ್ತಿ.

ಗ್ಯಾಸ್ಕೆಟ್ ಹೋಗಿದ್ದರೆ ಬರೀ ಗ್ಯಾಸ್ಕೆಟ್ ಬದಲಿಸಿ ಮುಚ್ಚಬೇಡಿ. ಅಲ್ಯೂಮಿನಿಯಂ ಹೆಡ್ ಒಮ್ಮೆ ಚೆನ್ನಾಗಿ ಕಾದರೆ ಬಾಗುತ್ತದೆ. ಹೆಡ್ ಮೇಲೆ ನೇರ ಪಟ್ಟಿಯಿಟ್ಟು ಕೆಳಗೆ 0.05 ಮಿ.ಮೀ. ಫೀಲರ್ ಗೇಜ್ (ಸಂದಿ ಅಳೆಯುವ ತೆಳು ತಗಡು) ತೂರಿಸಿ ನೋಡಿ. ಸಲೀಸಾಗಿ ಹೋದರೆ ಲೇತ್‌ನವರ ಹತ್ತಿರ ಫೇಸಿಂಗ್ ಮಾಡಿಸಿ, ಅಂದರೆ ಮಟ್ಟಸ ಮಾಡಿಸಿ. ಹೆಡ್ ಬೋಲ್ಟ್‌ಗಳನ್ನು ನಡುವಿನಿಂದ ಹೊರಕ್ಕೆ, ಎರಡು ಮೂರು ಸುತ್ತಿನಲ್ಲಿ, ಬಿಗಿ ಎಷ್ಟೆಂದು ಅಳೆಯುವ ಟಾರ್ಕ್ ರೆಂಚ್‌ನಲ್ಲೇ ಬಿಗಿಯಿರಿ. 'ಕೈ ಅಂದಾಜು ಸಾಕು' ಅನ್ನುವ ಗ್ಯಾರೇಜಿನಲ್ಲಿ ಗಾಡಿ ಬಿಡಬೇಡಿ.

ರೇಡಿಯೇಟರ್ ಹೊರಗಿನ ರೆಕ್ಕೆಗಳಲ್ಲಿ ಕೆಂಪು ಧೂಳು ಕೂತಿರುತ್ತದೆ. ಸಂಡೂರು, ತೋರಣಗಲ್ಲು ಕಡೆ ಅದಿರು ಲಾರಿಗಳ ಹಿಂದೆ ಓಡಿದ ಗಾಡಿಯಾದರೆ ಕೇಳುವುದೇ ಬೇಡ. ಎಂಜಿನ್ ಕಡೆಯಿಂದ ಹೊರಕ್ಕೆ ಮೆಲ್ಲಗೆ ನೀರು ಬಿಡಿ. ವಾಟರ್ ಸರ್ವೀಸ್ ಗನ್ ಹತ್ತಿರ ಹಿಡಿದರೆ ರೆಕ್ಕೆ ಮಡಚುತ್ತದೆ.

ಥರ್ಮೋಸ್ಟಾಟ್ ಹೊಸದು ಹಾಕಿ. ಎಂಜಿನ್ ಬಿಸಿಯಾದ ಮೇಲಷ್ಟೇ ರೇಡಿಯೇಟರ್‌ಗೆ ದಾರಿ ತೆರೆಯುವ ವಾಲ್ವ್ ಅದು. 'ತೆಗೆದುಬಿಡಿ ಸಾರ್, ಗಾಡಿ ತಂಪಾಗಿರುತ್ತೆ' ಅನ್ನುತ್ತಾರೆ. ತೆಗೆದರೆ ಎಂಜಿನ್ ಬೇಗ ಬಿಸಿಯೇರುವುದಿಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ರೇಡಿಯೇಟರ್ ಕಟ್ಟಿಕೊಂಡಿರುವ ನಿಜವಾದ ರೋಗ ಹಾಗೇ ಉಳಿಯುತ್ತದೆ. ಫ್ಯಾನ್ ಸದಾ ಓಡುವಂತೆ 'ಡೈರೆಕ್ಟ್' ಮಾಡಿಸುವುದೂ ಇದೇ ಜಾತಿ. ಕೆಟ್ಟ ಸ್ವಿಚ್ ಬದಲಿಸಿದರೆ ಸಾಕು. ಸೋರಿಕೆಗೆ ಅರಿಶಿನ ಪುಡಿ ಹಾಕುವವರಿಗಂತೂ ಕೈ ಮುಗಿಯುತ್ತೇನೆ. ಅರಿಶಿನ ಸಾರಿಗಿರಲಿ.

ರೇಡಿಯೇಟರ್‌ಗೆ ಹಾಕುವ ಕೂಲಂಟ್ ಡಬ್ಬಿಯ ಮೇಲೆ ಐಎಸ್ 5759 ಅನ್ನುವ ಭಾರತೀಯ ಮಾನದಂಡದ ಸಂಖ್ಯೆ ಇದೆಯಾ ನೋಡಿ. ಹೆಸರಿಲ್ಲದ ಕ್ಯಾನಿನ ಹಸಿರು ನೀರು ಬೇಡ. ಗಟ್ಟಿ ಕೂಲಂಟ್ ಆದರೆ ಅಷ್ಟೇ ಅಳತೆ ಡಿಸ್ಟಿಲ್ಡ್ ವಾಟರ್ ಬೆರೆಸಿ. ಬೆರೆಸಿದ್ದೇ ಕೊಂಡಿದ್ದರೆ ಹಾಗೇ ಸುರಿಯಿರಿ.

ಒಳಗಿನ ಗಾಳಿ ತೆಗೆಯುವುದನ್ನು ಮಾತ್ರ ಮರೆಯಬೇಡಿ. ಮುಂಭಾಗ ಸ್ವಲ್ಪ ಎತ್ತರಕ್ಕೆ ನಿಲ್ಲಿಸಿ. ತಣ್ಣಗಿರುವಾಗಲೇ ಕ್ಯಾಪ್ ತೆಗೆದು, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಐಡ್ಲಿಂಗ್‌ನಲ್ಲಿ ಬಿಡಿ. ಗುಳ್ಳೆ ಬರುತ್ತದೆ, ಮಟ್ಟ ಇಳಿಯುತ್ತದೆ, ತುಂಬುತ್ತಾ ಇರಿ. ಥರ್ಮೋಸ್ಟಾಟ್ ತೆರೆದಾಗ ತಣ್ಣಗಿದ್ದ ರೇಡಿಯೇಟರ್ ಪೈಪ್ ಒಮ್ಮೆಲೇ ಬಿಸಿಯಾಗುತ್ತದೆ. ಗುಳ್ಳೆ ನಿಂತ ಮೇಲೆ ಕ್ಯಾಪ್ ಹಾಕಿ. ಫ್ಯಾನ್ ತಾನೇ ಶುರುವಾಗಿ ತಾನೇ ನಿಲ್ಲಬೇಕು, ಅಲ್ಲಿವರೆಗೂ ಕಾಯಿರಿ. ಮರುದಿನ ಬೆಳಿಗ್ಗೆ ಮಟ್ಟ ಇನ್ನೊಮ್ಮೆ ನೋಡಿ.

ಬ್ರೇಕ್, ಟೈಮಿಂಗ್ ಬೆಲ್ಟ್, ರಬ್ಬರ್ ಪೈಪ್‌ಗಳನ್ನು ಕಣ್ಣು ಮುಚ್ಚಿ ಬದಲಿಸಿ.

ಇಷ್ಟಾದ ಮೇಲೆ ಶೋಕಿ. ಡಬ್ಬಿಯಿಲ್ಲದೆ ಬಯಲಿಗೆ ಬಿಟ್ಟ ಕೋನ್ ಏರ್ ಫಿಲ್ಟರ್ ನಮ್ಮೂರಿಗಲ್ಲ. ಅದು ಬಾನೆಟ್ ಒಳಗಿನ ಬಿಸಿಗಾಳಿಯನ್ನೇ ಎಳೆಯುತ್ತದೆ, ಅಗ್ಗದ್ದಾದರೆ ಅದಿರಿನ ಧೂಳನ್ನೂ ಒಳಗೆ ಬಿಡುತ್ತದೆ. ಕಂಪನಿ ಡಬ್ಬಿಯಲ್ಲೇ ಒಳ್ಳೆಯ ಪೇಪರ್ ಫಿಲ್ಟರ್ ಹಾಕಿ. ಗಾಡಿ ತಗ್ಗಿಸಲು ಸ್ಪ್ರಿಂಗ್ ಕತ್ತರಿಸಬೇಡಿ. ರಸ್ತೆಯ ಪ್ರತಿ ಹಂಪ್‌ಗೂ ತಳ ಬಡಿಯುತ್ತದೆ. ಹೊಸ ಶಾಕ್ ಅಬ್ಸಾರ್ಬರ್, ಹೊಸ ಬುಶ್, ಒಳ್ಳೆಯ ಟೈರ್ ಹಾಕಿದರೆ ತಿರುವಿನಲ್ಲಿ ಸಿಗುವ ಹಿಡಿತವೇ ಬೇರೆ.

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕಂಪನಿ ಕೊಟ್ಟ ರೂಪ ಬದಲಿಸಲು ಬಿಡುವುದಿಲ್ಲ. ಎಂಜಿನ್ ಬದಲಿಸುವುದಾದರೆ ಮೊದಲೇ ಆರ್‌ಟಿಒ ಒಪ್ಪಿಗೆ ಬೇಕು. ಬಣ್ಣ ಬದಲಿಸಿದರೆ ಆರ್‌ಸಿಯಲ್ಲೂ ಬದಲಿಸಿ. 15 ವರ್ಷ ದಾಟಿದ ಗಾಡಿಯ ನೋಂದಣಿ ನವೀಕರಣ ಆಗಿದೆಯಾ ಅಂತ ಅಡ್ವಾನ್ಸ್ ಕೊಡುವ ಮುಂಚೆಯೇ ನೋಡಿ, ಇಲ್ಲದಿದ್ದರೆ ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.