ದೀಪದ ಹುಡುಗಿಯ ಮುಂದೆ ಹತ್ತು ನಿಮಿಷ: ಗ್ಯಾಲರಿಯಲ್ಲಿ ಚಿತ್ರ ನೋಡುವುದು ಹೇಗೆ?

ಮೈಸೂರಿನ ಜಗನ್ಮೋಹನ ಅರಮನೆಗೆ ಹೋಗಿ ಬಂದವರನ್ನು ‘ಏನೇನು ನೋಡಿದಿರಿ’ ಎಂದು ಕೇಳಿ ನೋಡಿ. ಬಹಳಷ್ಟು ಮಂದಿ ‘ರವಿವರ್ಮನ ದೀಪದ ಹುಡುಗಿ’ ಎನ್ನುತ್ತಾರೆ. ಆದರೆ ಅದು ರವಿವರ್ಮನ ಚಿತ್ರವಲ್ಲ. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ದೀಪದ ಹುಡುಗಿಯನ್ನು ಎಸ್.ಎಲ್. ಹಲ್ದಣಕರ್ ಬರೆದದ್ದು 1945–46ರಲ್ಲಿ. ದೀಪ ಹಿಡಿದು ಎದುರು ನಿಂತವರು ಅವರ ಮಗಳು ಗೀತಾ. ನೂರೆರಡು ವರ್ಷ ಬಾಳಿದ ಆಕೆ ಕಣ್ಮುಚ್ಚಿದ್ದು 2018ರಲ್ಲಿ.

ಹೆಸರು ತಪ್ಪಾಗಿದ್ದಕ್ಕೆ ನನಗೆ ಅಷ್ಟು ಬೇಸರವಿಲ್ಲ. ಹೆಸರು ಕೇಳಿದ ಕೂಡಲೇ ನೋಡಿದ್ದಾಯಿತು ಎಂದುಕೊಂಡು ಮುಂದೆ ಹೋಗುತ್ತೇವಲ್ಲ, ಬೇಸರ ಅದಕ್ಕೆ. ಶಾಲೆಯ ಪ್ರವಾಸದಲ್ಲಿ ನಾನು ಮೊದಲ ಸಲ ಹೋದಾಗಲೂ ಹಾಗೇ ಆಯಿತು. ಸಾಲಾಗಿ ಒಳಗೆ ಹೋದೆವು, ಸಾಲಾಗಿ ಹೊರಗೆ ಬಂದೆವು. ಆಮೇಲೆ ನೆನಪಿನಲ್ಲಿ ಉಳಿದದ್ದು ಮುಂದಿದ್ದ ಹುಡುಗನ ಬೆನ್ನು. ನೋಡುವುದಕ್ಕೂ ಒಂದು ಕ್ರಮವಿದೆ, ಅದನ್ನು ಯಾರು ಬೇಕಾದರೂ ಕಲಿಯಬಹುದು ಎಂದು ಗೊತ್ತಾಗಲು ನನಗೆ ಬಹಳ ವರ್ಷ ಬೇಕಾಯಿತು. ಆ ಕ್ರಮವನ್ನು ಜಗನ್ಮೋಹನದ ಚಿತ್ರಗಳನ್ನೇ ಇಟ್ಟುಕೊಂಡು ಹೇಳುತ್ತೇನೆ.

ಎಲ್ಲವನ್ನೂ ನೋಡುವ ಆಸೆ ಬಿಡಿ

ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1861ರಲ್ಲಿ ಕಟ್ಟಿದ ಅರಮನೆ ಇದು. 1915ರಲ್ಲಿ ಚಿತ್ರಶಾಲೆಯಾಯಿತು. ಚಿತ್ರಗಳ ಜೊತೆಗೆ ವಾದ್ಯ, ಪೀಠೋಪಕರಣ, ಬೊಂಬೆ ಸಿಪಾಯಿಗಳು ಕವಾಯತು ಮಾಡುವ ಫ್ರೆಂಚ್ ಗಡಿಯಾರ ಎಲ್ಲ ಇವೆ. ಒಂದೇ ದಿನದಲ್ಲಿ ಅಷ್ಟನ್ನೂ ನೋಡಲು ಹೊರಟರೆ ಕಾಲು ನೋಯುತ್ತದೆ, ತಲೆಯಲ್ಲಿ ಏನೂ ಉಳಿಯುವುದಿಲ್ಲ. ಮೊದಲು ಎಲ್ಲೂ ನಿಲ್ಲದೆ ಒಂದು ಸುತ್ತು ಹಾಕಿ. ಯಾವ ಚಿತ್ರ ನಿಮ್ಮನ್ನು ಹಿಂತಿರುಗಿ ನೋಡುವ ಹಾಗೆ ಮಾಡಿತೋ ಅದನ್ನು ಗುರುತಿಟ್ಟುಕೊಳ್ಳಿ. ಮೂರು ಸಾಕು. ಮಕ್ಕಳಿದ್ದರೆ ಗಡಿಯಾರದ ಮುಂದೆ ಅವರಿಗೆ ಬೇಕಾದಷ್ಟು ಹೊತ್ತು ನಿಲ್ಲಲು ಬಿಡಿ, ಕೈ ಹಿಡಿದು ಎಳೆಯಬೇಡಿ.

ಹೋಗುವುದಾದರೆ ವಾರದ ನಡುವೆ, ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೋಗಿ. ದಸರಾ ರಜೆಯಲ್ಲಿ ಬೇಡವೇ ಬೇಡ.

ಫಲಕ ಓದುವುದು ಆಮೇಲೆ

ಚಿತ್ರದ ಕೆಳಗೆ ಹೆಸರು, ಇಸವಿ ಬರೆದ ಫಲಕ ಇರುತ್ತದೆ. ಕಣ್ಣು ಮೊದಲು ಅಲ್ಲಿಗೇ ಓಡುತ್ತದೆ. ಸ್ವಲ್ಪ ತಡೆಯಿರಿ. ಕಾಣುತ್ತಿರುವುದನ್ನು ಮನಸ್ಸಿನಲ್ಲೇ ಹೇಳಿಕೊಳ್ಳಿ. ‘ಒಬ್ಬ ಹೆಂಗಸು ನಿಂತಿದ್ದಾಳೆ. ಒಂದು ಕೈಯಲ್ಲಿ ದೀಪ. ಇನ್ನೊಂದು ಕೈ ದೀಪಕ್ಕೆ ಅಡ್ಡ. ಹಿಂದೆ ನೆರಳು.’ ಇಷ್ಟು ಸರಳವಾಗಿಯೇ ಇರಲಿ. ‘ಭಾರತೀಯ ನಾರಿಯ ಸಂಕೇತ’ ಎಂಬಂಥ ಮಾತು ಈಗಲೇ ಬಾಯಿಗೆ ಬಂದರೆ ಪಕ್ಕಕ್ಕಿಡಿ. ಕಂಡದ್ದು ಬೇರೆ, ಊಹಿಸಿದ್ದು ಬೇರೆ. ಇವೆರಡನ್ನೂ ಬೇರೆಬೇರೆಯಾಗಿ ಇಟ್ಟುಕೊಳ್ಳುವುದು ಬಂದರೆ ಅರ್ಧ ಕೆಲಸ ಮುಗಿದ ಹಾಗೆ.

ಈಗ ಬೆಳಕನ್ನು ಹುಡುಕಿ

ಯಾವ ಚಿತ್ರವೇ ಆಗಲಿ, ಬೆಳಕು ಎಲ್ಲಿಂದ ಬರುತ್ತಿದೆ ಎಂದು ಕೇಳಿಕೊಳ್ಳಿ. ನನಗೆ ಇದಕ್ಕಿಂತ ಉಪಯೋಗಕ್ಕೆ ಬಂದ ಪ್ರಶ್ನೆ ಇನ್ನೊಂದಿಲ್ಲ.

ದೀಪದ ಹುಡುಗಿಯ ಚಿತ್ರದಲ್ಲಿ ಬೆಳಕಿನ ಮೂಲ ಒಂದೇ, ಅದು ಅವಳ ಕೈಯಲ್ಲಿದೆ. ಹಾಗಾಗಿ ಬೆಳಕು ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ. ಮುಖದ ಮೇಲೆ ಅದು ಎಲ್ಲಿ ಬಿದ್ದಿದೆ, ಎಲ್ಲಿ ಬಿದ್ದಿಲ್ಲ, ಗಮನಿಸಿ. ಆಮೇಲೆ ಅಡ್ಡ ಹಿಡಿದ ಅಂಗೈಗೆ ಬನ್ನಿ. ಬೆರಳುಗಳ ಸಂದಿಯಲ್ಲಿ ಕೆಂಪು ಕಾಣುತ್ತದೆ. ಕರೆಂಟ್ ಹೋದ ರಾತ್ರಿ ಮೇಣದಬತ್ತಿಗೆ ಕೈ ಅಡ್ಡ ಹಿಡಿದವರಿಗೆಲ್ಲ ಆ ಕೆಂಪು ಗೊತ್ತು. ಬೆಳಕು ಮಾಂಸವನ್ನು ಹಾದು ಬರುವ ಬಣ್ಣ ಅದು. ಹಲ್ದಣಕರ್ ಅದನ್ನು ಎಷ್ಟು ಹೊತ್ತು ನೋಡಿರಬೇಕು!

ಇನ್ನು ಒಂದು ವಿಷಯ ತಿಳಿದರೆ ಚಿತ್ರ ಬೇರೆಯೇ ಆಗಿ ಕಾಣುತ್ತದೆ. ಇದು ಎಣ್ಣೆಬಣ್ಣವಲ್ಲ, ಜಲವರ್ಣ. ಎಣ್ಣೆಬಣ್ಣದಲ್ಲಿ ಮೊದಲು ಕತ್ತಲೆಯನ್ನು ಬಳಿದು, ಅದರ ಮೇಲೆ ದಪ್ಪಗೆ ಬಿಳಿ, ಹಳದಿ ಇಟ್ಟು ದೀಪ ಹಚ್ಚಬಹುದು. ತಪ್ಪಿದರೆ ಕೆರೆದು ಮತ್ತೆ ಬಳಿಯಬಹುದು. ಜಲವರ್ಣದ ಸಂಪ್ರದಾಯ ಇದಕ್ಕೆ ತಲೆಕೆಳಗು. ಅಲ್ಲಿ ಬೆಳಕೆಂದರೆ ಕಾಗದವೇ. ಬೆಳಗಬೇಕಾದ ಜಾಗವನ್ನು ಮುಟ್ಟದೆ ಉಳಿಸಿಕೊಂಡು, ಸುತ್ತಲಿನ ಕತ್ತಲನ್ನು ಪದರ ಪದರವಾಗಿ ತರಬೇಕು. ಕತ್ತಲು ಒಮ್ಮೆ ಹೆಚ್ಚಾಯಿತೋ, ಹಿಂದಕ್ಕೆ ತರುವುದು ಬಹಳ ಕಷ್ಟ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಜ್ವಾಲೆಯ ಸುತ್ತಲಿನ ಜಾಗವನ್ನು ಮತ್ತೊಮ್ಮೆ ನೋಡಿ. ನಾನು ಹಾಗೆ ನೋಡಿದ ದಿನ ಅಲ್ಲಿಂದ ಕದಲಲು ಮನಸ್ಸೇ ಬರಲಿಲ್ಲ.

ಗ್ಯಾಲರಿಯಲ್ಲಿ ಬೆಳಕು ಮಂದವಾಗಿದೆ ಎಂದು ಗೊಣಗುವವರಿಗೆ ಒಂದು ಮಾತು. ಬೆಳಕು ಬಿದ್ದಷ್ಟೂ ಜಲವರ್ಣ ಮಾಸುತ್ತದೆ, ಹೋದ ಬಣ್ಣ ಮತ್ತೆ ಬರುವುದಿಲ್ಲ. ಕಾಗದದ ಮೇಲಿನ ಚಿತ್ರಗಳಿಗೆ ಸುಮಾರು 50 ಲಕ್ಸ್ (ಲಕ್ಸ್ ಎಂದರೆ ಬೆಳಕಿನ ಅಳತೆ) ಬೆಳಕು ಸಾಕು ಎಂಬುದು ಸಂಗ್ರಹಾಲಯಗಳು ಪಾಲಿಸುವ ಲೆಕ್ಕ. ಕಣ್ಣು ಒಗ್ಗಿಕೊಳ್ಳಲು ಎರಡು ನಿಮಿಷ ಕೊಡಿ. ಮೊಬೈಲ್ ಟಾರ್ಚ್ ಮಾತ್ರ ಖಂಡಿತ ಹಾಕಬೇಡಿ.

ಮೂರು ಹೆಜ್ಜೆ ಹಿಂದೆ, ಮೂರು ಹೆಜ್ಜೆ ಮುಂದೆ

ಈಗ ನಿಜವಾದ ರವಿವರ್ಮನ ಬಳಿಗೆ ಬನ್ನಿ. ಹಲವು ವಾದ್ಯಗಳನ್ನು ಹಿಡಿದ ಹೆಂಗಸರು ಒಟ್ಟಿಗೆ ಕುಳಿತು ನಿಂತಿರುವ, 1889ರ ಸುಮಾರಿನ ಎಣ್ಣೆಬಣ್ಣದ ಚಿತ್ರ ಇಲ್ಲಿದೆ. ಒಬ್ಬೊಬ್ಬರದು ಒಂದೊಂದು ಪ್ರಾಂತ್ಯದ ಉಡುಗೆ. ಹಗ್ಗದ ಗೆರೆ ದಾಟದೆ ಎಷ್ಟು ಹತ್ತಿರ ಹೋಗಬಹುದೋ ಅಷ್ಟು ಹೋಗಿ ಒಂದು ಸೀರೆಯ ಅಂಚನ್ನು ನೋಡಿ. ಜರಿ ಅಲ್ಲಿಲ್ಲ, ಹಳದಿ, ಕಂದು, ಒಂದಿಷ್ಟು ಬಿಳಿ ಬಣ್ಣದ ಮುದ್ದೆಗಳಿವೆ. ಮೂರು ಹೆಜ್ಜೆ ಹಿಂದೆ ಸರಿಯಿರಿ, ಅದೇ ಜರಿಯಾಗಿ ಹೊಳೆಯುತ್ತದೆ. ಯಾವ ಹೆಜ್ಜೆಯಲ್ಲಿ ಬಣ್ಣ ಬಟ್ಟೆಯಾಯಿತು ಎಂದು ಹಿಂದೆ ಮುಂದೆ ಓಡಾಡಿ ಪತ್ತೆ ಮಾಡಿ. ಕಾವಲಿನವರು ವಿಚಿತ್ರವಾಗಿ ನೋಡಿದರೆ ನೋಡಲಿ.

ಆಮೇಲೆ ಕಣ್ಣುಗಳನ್ನು ಹಿಂಬಾಲಿಸಿ. ಈ ಹೆಂಗಸರಲ್ಲಿ ಯಾರು ಯಾರನ್ನು ನೋಡುತ್ತಿದ್ದಾರೆ? ಸಂಗೀತ ಕಚೇರಿಯಲ್ಲಿ ಕೂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನುಡಿಸುತ್ತಾರೆ. ಇಲ್ಲಿ ಹಾಗೆ ಕಾಣುತ್ತದೆಯೇ? ನನಗೆ ಕಂಡದ್ದು, ಒಟ್ಟಿಗಿದ್ದೂ ಒಬ್ಬೊಬ್ಬರೇ ಆಗಿರುವ ಹೆಂಗಸರು. ನಿಮಗೆ ಬೇರೆ ಕಂಡೀತು. ಚಿತ್ರದೊಳಗೆ ಬೆರಳು ಮಾಡಿ ‘ನೋಡಿ, ಇಲ್ಲಿ’ ಎಂದು ತೋರಿಸಲು ಆಗುವಂತಿದ್ದರೆ ನಿಮ್ಮ ಮಾತಿಗೂ ನನ್ನದರಷ್ಟೇ ಬೆಲೆ. ತೋರಿಸಲು ಆಗದಿದ್ದರೆ ಅದು ಇನ್ನೂ ಊಹೆ, ಮತ್ತೆ ನೋಡಬೇಕು. ಚಿತ್ರವನ್ನು ಅರ್ಥ ಮಾಡಿಕೊಳ್ಳುವುದು ಎನ್ನುತ್ತೇವಲ್ಲ, ನನ್ನ ಮಟ್ಟಿಗೆ ಅದು ಇಷ್ಟೇ.

ಚಿನ್ನವನ್ನು ಪಕ್ಕದಿಂದ ನೋಡಿ

ಮೈಸೂರು ಶೈಲಿಯ ಸಾಂಪ್ರದಾಯಿಕ ಚಿತ್ರ ಸಿಕ್ಕಿದರೆ ನೇರ ಎದುರಿಗೆ ನಿಂತು ತೃಪ್ತರಾಗಬೇಡಿ. ಪಕ್ಕಕ್ಕೆ ಸರಿದು ಓರೆಯಾಗಿ ನೋಡಿ. ದೇವಿಯ ಕಿರೀಟ, ಕಂಠೀಹಾರ, ಮಂಟಪದ ಕಂಬ ಎಲ್ಲ ಕೂದಲೆಳೆಯಷ್ಟು ಉಬ್ಬಿರುವುದು ಆಗ ಕಾಣುತ್ತದೆ. ಅದೇ ಗೆಸ್ಸೊ ಕೆಲಸ. ಸಫೇದ ಎಂಬ ಬಿಳಿ ಪುಡಿಗೆ ಅಂಟು ಬೆರೆಸಿದ ಹದವಾದ ಪಾಕದಿಂದ ಕುಂಚದ ತುದಿಯಲ್ಲಿ ಗೆರೆ ಎಳೆದು, ಅದರ ಮೇಲೆ ಚಿನ್ನದ ರೇಕು ಕೂರಿಸುತ್ತಾರೆ. ತಂಜಾವೂರಿನ ಚಿತ್ರದಲ್ಲಿ ಈ ಉಬ್ಬು ದಪ್ಪ, ಜೊತೆಗೆ ಹರಳುಗಳೂ ಕೂರುತ್ತವೆ. ಮೈಸೂರಿನದು ತೆಳು, ನಾಜೂಕು. ಹಿಂದೆ ಇವುಗಳನ್ನು ಎಣ್ಣೆದೀಪದ ಬೆಳಕಿನಲ್ಲಿ ನೋಡುತ್ತಿದ್ದರು, ಜ್ವಾಲೆ ಅಲುಗಿದಾಗ ಚಿನ್ನವೂ ಅಲುಗುತ್ತಿತ್ತು. ಟ್ಯೂಬ್‌ಲೈಟಿನ ಕೆಳಗೆ ಅದು ಅಲುಗುವುದಿಲ್ಲ. ಆದ್ದರಿಂದ ಅಲುಗಬೇಕಾದವರು ನಾವು.

ಹೊರಡುವ ಮೊದಲು

ಈಗ ಫಲಕ ಓದಿ. ಯಾರು, ಯಾವಾಗ, ಯಾವುದರಲ್ಲಿ ಬರೆದರು ಎಂಬ ಮೂರೂ ಮುಖ್ಯ. ಇಸವಿ ನೋಡುವ ಅಭ್ಯಾಸ ಇದ್ದರೆ ದೀಪದ ಹುಡುಗಿ ರವಿವರ್ಮನ ಪಾಲಿಗೆ ಹೋಗುತ್ತಲೇ ಇರಲಿಲ್ಲ. ಚಿಕ್ಕ ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು ಬರೆಯಿರಿ, ಬಂದ ಹಾಗೆ ಒಂದು ಗೀಟು ಚಿತ್ರವನ್ನೂ ಹಾಕಿ. ಚೆನ್ನಾಗಿ ಬರಬೇಕೆಂದಿಲ್ಲ. ಆ ಕೈ ಎಷ್ಟು ಬಾಗಿದೆ ಎಂದು ಗೀಚಲು ಹೋದಾಗಲೇ ಅದು ಸರಿಯಾಗಿ ಕಾಣುವುದು.

ಮೈಸೂರು ದೂರವಾದರೆ ಅಜ್ಜಿಯ ದೇವರ ಮನೆಗೆ ಹೋಗಿ. ರವಿವರ್ಮ 1894ರಲ್ಲಿ ಮುಂಬೈನಲ್ಲಿ ಅಚ್ಚುಕೂಟ ತೆರೆದ ಮೇಲೆ ಅವನ ಲಕ್ಷ್ಮಿ, ಸರಸ್ವತಿಯರು ಮನೆಮನೆಗೆ ಬಂದರು. ಕ್ಯಾಲೆಂಡರಿನಲ್ಲೋ ಹಳೆಯ ಚೌಕಟ್ಟಿನಲ್ಲೋ ಅವರ ಮರಿಮಕ್ಕಳು ಇನ್ನೂ ಇದ್ದಾರೆ. ಕುಂಕುಮ, ಹೊಗೆ ಹಿಡಿದ ಗಾಜನ್ನು ಒಮ್ಮೆ ಒರೆಸಿ ನೋಡಿ. ಲಕ್ಷ್ಮಿಯ ಮುಖದ ಮೇಲೆ ಬೆಳಕು ಯಾವ ಕಡೆಯಿಂದ ಬಿದ್ದಿದೆ?