220 ಸೀಟಿನಲ್ಲಿ ಒಂದು: ಮಿಲಿಟರಿ ನರ್ಸಿಂಗ್‌ಗೆ ನಾನು ತಯಾರಾದ ಬಗೆ

ನಮ್ಮ ರಾಜ್ಯದ ಹುಡುಗಿಯರು ಸೇನೆಯ ಬಿಎಸ್ಸಿ ನರ್ಸಿಂಗ್ ಸೀಟಿನ ಸ್ಪರ್ಧೆಯಲ್ಲಿ ಸೋಲುವ ಮೊದಲೇ ಹೊರಗುಳಿಯುತ್ತಾರೆ, ಏಕೆಂದರೆ ವೈದ್ಯಕೀಯ ಪ್ರವೇಶ ಪರೀಕ್ಷೆ ನೀಟ್‌ಗೆ ಅರ್ಜಿ ಹಾಕಿರುವುದಿಲ್ಲ. ಕರ್ನಾಟಕದ ಬಿಎಸ್ಸಿ ನರ್ಸಿಂಗ್ ಸೀಟಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುವ ಸಿಇಟಿ ಸಾಕು. ಆದರೆ ಸೇನಾ ಆಸ್ಪತ್ರೆಗಳ ದಾದಿಯರ ಪಡೆಯಾದ ಮಿಲಿಟರಿ ನರ್ಸಿಂಗ್ ಸರ್ವಿಸ್ (ಎಂಎನ್‌ಎಸ್) ತನ್ನ ಬಿಎಸ್ಸಿ ಸೀಟಿಗೆ 2022ರಿಂದ ನೀಟ್ ಅಂಕ ಕೇಳುತ್ತದೆ. ಅದರ ಮೇಲೆ ಸೇನೆಯ ನೇಮಕಾತಿ ಜಾಲತಾಣದಲ್ಲಿ ಪ್ರತ್ಯೇಕ ಅರ್ಜಿಯನ್ನೂ ಹಾಕಬೇಕು. ನೀಟ್ ಬರೆದು ಈ ಎರಡನೇ ಅರ್ಜಿ ಮರೆತರೂ ಆ ವರ್ಷ ಹೋದಂತೆಯೇ. ನೀಟ್ ಮುಗಿದ ಮರುವಾರದಿಂದಲೇ ನಾನು ಆ ಜಾಲತಾಣವನ್ನು ದಿನಕ್ಕೊಮ್ಮೆ ತೆರೆದು ನೋಡುತ್ತಿದ್ದೆ.

ದೇಶಕ್ಕೆಲ್ಲ ಸೇರಿ 220 ಸೀಟು. ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜು (ಎಎಫ್‌ಎಂಸಿ), ಮುಂಬೈಯ ನೌಕಾಪಡೆ ಆಸ್ಪತ್ರೆ ಅಶ್ವಿನಿ, ಲಖನೌ ಮತ್ತು ಬೆಂಗಳೂರಿನ ಕಮಾಂಡ್ ಆಸ್ಪತ್ರೆಗಳಲ್ಲಿ ತಲಾ 40; ಕೋಲ್ಕತ್ತದ ಕಮಾಂಡ್ ಆಸ್ಪತ್ರೆ ಮತ್ತು ದೆಹಲಿಯ ಆರ್ಮಿ ಆಸ್ಪತ್ರೆಯಲ್ಲಿ ತಲಾ 30. ಬೆಂಗಳೂರು ಹತ್ತಿರ ಎಂದು ಅದೊಂದನ್ನೇ ಆಸೆಪಟ್ಟು ಕೂರಬಾರದು. ಆರನ್ನೂ ಆದ್ಯತೆಯಂತೆ ತುಂಬಬೇಕು. ಎಲ್ಲಿ ಓದಿದರೂ ಮುಂದೆ ಸಿಗುವುದು ಅದೇ ಲೆಫ್ಟಿನೆಂಟ್ ದರ್ಜೆ, ಅದೇ ಸೇವೆ.

ಅರ್ಹತೆಯಲ್ಲಿ ಗಮನಿಸಬೇಕಾದ ಮಾತು ‘ಮೊದಲ ಪ್ರಯತ್ನ’. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮತ್ತು ಇಂಗ್ಲಿಷ್ ಇರುವ ದ್ವಿತೀಯ ಪಿಯುಸಿಯನ್ನು ಮೊದಲ ಸಲಕ್ಕೇ ಕನಿಷ್ಠ 50 ಶೇಕಡದೊಂದಿಗೆ ಪಾಸಾಗಿರಬೇಕು. ಹಾಗಾಗಿ ನೀಟ್ ಗುಂಗಿನಲ್ಲಿ ಬೋರ್ಡ್ ಪರೀಕ್ಷೆಯನ್ನು ಕಡೆಗಣಿಸುವಂತಿಲ್ಲ.

ನೀಟ್‌ನ 720 ಅಂಕದಲ್ಲಿ ಅರ್ಧ, ಅಂದರೆ 360, ಜೀವಶಾಸ್ತ್ರದ್ದು. ಸರಿ ಉತ್ತರಕ್ಕೆ 4, ತಪ್ಪಿಗೆ 1 ಕಡಿತ. ಜೀವಶಾಸ್ತ್ರದಲ್ಲಿ 75 ಸರಿ, 10 ತಪ್ಪು ಮಾಡಿದರೂ 290 ಬರುತ್ತದೆ. ಅಷ್ಟೇ ಅಂಕವನ್ನು ಭೌತಶಾಸ್ತ್ರದಿಂದ ತೆಗೆಯಲು ಸಾಧ್ಯವೇ ಇಲ್ಲ, ಅಲ್ಲಿ ಇರುವುದೇ 180. ಅದಕ್ಕೇ ನನ್ನ ಓದಿನ ಅರ್ಧ ಸಮಯ ಎನ್‌ಸಿಇಆರ್‌ಟಿ ಜೀವಶಾಸ್ತ್ರಕ್ಕೆ ಹೋಯಿತು: ಚಿತ್ರದ ಕೆಳಗಿನ ಸಾಲು, ಕೋಷ್ಟಕ, ಅಧ್ಯಾಯದ ಕೊನೆಯ ಸಾರಾಂಶ ಯಾವುದನ್ನೂ ಬಿಡಲಿಲ್ಲ. ಭೌತಶಾಸ್ತ್ರದಲ್ಲಿ ಗೊತ್ತಿರುವ 20 ಪ್ರಶ್ನೆ ಮುಟ್ಟಿ 15 ಸರಿಯಾದರೆ 55 ಅಂಕ. ಉಳಿದ 25ಕ್ಕೆ ಕಣ್ಣುಮುಚ್ಚಿ ಗುರುತು ಹಾಕಲು ಹೋಗಬಾರದು. ನೀಟನ್ನು ಕನ್ನಡದಲ್ಲಿ ಬರೆಯಬಹುದು, ಆದರೆ ಮುಂದಿನ ಹಂತದಲ್ಲಿ ಆ ಅನುಕೂಲವಿಲ್ಲ.

ನೀಟ್ ಅಂಕದ ಮೇಲೆ ಆಯ್ದವರಿಗೆ ಕಂಪ್ಯೂಟರಿನಲ್ಲಿ ಸಾಮಾನ್ಯ ಬುದ್ಧಿಮತ್ತೆ ಮತ್ತು ಇಂಗ್ಲಿಷ್ ಪರೀಕ್ಷೆ, ಮನೋವೈಜ್ಞಾನಿಕ ಪರೀಕ್ಷೆ, ಸಂದರ್ಶನ, ಆಮೇಲೆ ವೈದ್ಯಕೀಯ ತಪಾಸಣೆ. ಕನ್ನಡ ಮಾಧ್ಯಮದವರು ಹೆದರುವುದು ಇಂಗ್ಲಿಷಿಗೆ. ದಿನಕ್ಕೊಂದು ಇಂಗ್ಲಿಷ್ ಸಂಪಾದಕೀಯವನ್ನು ಗಟ್ಟಿಯಾಗಿ ಓದಿ, ಅದರಲ್ಲಿ ಸಿಕ್ಕ ಹತ್ತು ಪದಗಳಿಗೆ ಸಮಾನಾರ್ಥ, ವಿರುದ್ಧಾರ್ಥ ಬರೆದಿಟ್ಟುಕೊಂಡರೆ ಆರು ತಿಂಗಳಲ್ಲಿ ವ್ಯತ್ಯಾಸ ಕಾಣುತ್ತದೆ. ಗಟ್ಟಿಯಾಗಿ ಓದುವ ಅಭ್ಯಾಸ ಸಂದರ್ಶನದಲ್ಲೂ ನಾಲಿಗೆ ಸಡಿಲಿಸುತ್ತದೆ.

ಸಂದರ್ಶನದಲ್ಲಿ ‘ದೇಶಸೇವೆ’ ಎಂಬ ಒಂದೇ ಪದಕ್ಕೆ ಜೋತುಬೀಳಬೇಡಿ. ರಾತ್ರಿ ಪಾಳಿ, ವರ್ಗಾವಣೆ, ತರಬೇತಿಯ ನಂತರ ಐದು ವರ್ಷ ಸೇವೆಯ ಬಾಂಡ್ ಇವನ್ನೆಲ್ಲ ಮನೆಯಲ್ಲಿ ಮಾತಾಡಿ ಒಪ್ಪಿದ್ದೀರೋ ಇಲ್ಲವೋ ಎಂಬುದು ನಿಮ್ಮ ಉತ್ತರದಲ್ಲೇ ಗೊತ್ತಾಗುತ್ತದೆ. 1926ರ ಅಕ್ಟೋಬರ್ 1 ಈ ಸೇವೆಗೆ ಏಕೆ ಮುಖ್ಯ ಎಂಬುದೂ ತಿಳಿದಿರಲಿ: ಭಾರತದ ಮಿಲಿಟರಿ ನರ್ಸಿಂಗ್‌ಗೆ ಕಾಯಂ ರೂಪ ಸಿಕ್ಕ ದಿನ ಅದು.

ವೈದ್ಯಕೀಯ ತಪಾಸಣೆ ತೀರಾ ಕಡೆಯ ಹಂತ ಎಂದು ಅದರ ತಯಾರಿಯನ್ನೂ ಕಡೆಗೆ ಇಡುವುದು ದೊಡ್ಡ ತಪ್ಪು. ನೀಟ್ ಅರ್ಜಿ ಹಾಕಿದ ತಿಂಗಳೇ ರಕ್ತ, ಮೂತ್ರ, ಹೊಟ್ಟೆಯ ಸ್ಕ್ಯಾನ್, ಕಣ್ಣು, ಕಿವಿ, ಹಲ್ಲು ಎಲ್ಲ ತೋರಿಸಿ. ರಕ್ತಹೀನತೆ ನಮ್ಮ ಹುಡುಗಿಯರಲ್ಲಿ ತುಂಬ ಸಾಮಾನ್ಯ. ಹಿಮೋಗ್ಲೋಬಿನ್ ಕಡಿಮೆಯಿದ್ದರೆ ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆ ಕೆಲಸ ಮಾಡಲು ಎರಡು ಮೂರು ತಿಂಗಳು ಬೇಕು, ಎರಡು ವಾರದಲ್ಲಿ ಏರುವುದಿಲ್ಲ. ಮಾತ್ರೆಯ ಜೊತೆ, ಊಟದ ಬೆನ್ನಿಗೇ ಕಾಫಿ, ಟೀ ಕುಡಿದರೆ ಕಬ್ಬಿಣ ಮೈಗೆ ಹತ್ತುವುದು ಕಡಿಮೆ. ಒಂದು ಗಂಟೆಯಾದರೂ ಅಂತರವಿರಲಿ, ನಿಂಬೆಹಣ್ಣಿನ ರಸ ಸೇರಿದರೆ ಒಳ್ಳೆಯದು. ಹುಳುಕು ಹಲ್ಲು, ಕಿವಿಯ ಗುಗ್ಗೆ, ಮೂತ್ರದ ಸೋಂಕು ಸಣ್ಣವೆನಿಸುತ್ತವೆ. ಮುಂಚೆಯೇ ಗೊತ್ತಾದರೆ ಮನೆಯ ಹತ್ತಿರವೇ ವಾಸಿಯಾಗುತ್ತವೆ. ಸೇನೆಯ ತಪಾಸಣೆಗೆ ಹೋದ ಮೇಲೆ ಗೊತ್ತಾದರೆ ಮೇಲ್ಮನವಿ ಮಂಡಳಿಯ ಮುಂದೆ ಮತ್ತೆ ನಿಲ್ಲಬೇಕು.

ಇನ್ನು ಕಾಗದಪತ್ರ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ತಂದೆಯ ಪೂರ್ತಿ ಹೆಸರು, ಪಿಯು ಪಟ್ಟಿಯಲ್ಲಿ ಇನ್ನೊಂದು ಕ್ರಮ: ಕರ್ನಾಟಕದವರಿಗೆ ಇದು ಹಳೆಯ ತಲೆನೋವು. ಎಸ್‌ಎಸ್‌ಎಲ್‌ಸಿ ಹೆಸರನ್ನೇ ಆಧಾರವಾಗಿ ಇಟ್ಟುಕೊಂಡು, ನೀಟ್ ಅರ್ಜಿಗೂ ಮುನ್ನ ಆಧಾರ್ ತಿದ್ದಿಸಿ. ಎರಡೂ ಅರ್ಜಿಯಲ್ಲಿ ಅಕ್ಷರ, ಜಾಗ, ಚುಕ್ಕೆ ಒಂದೇ ಇರಲಿ.

ಈ ಅವಕಾಶ ಕೈತಪ್ಪಿದವರಿಗೆ ಮುಂದೆ ಶಾರ್ಟ್ ಸರ್ವಿಸ್ ಕಮಿಷನ್, ಅಂದರೆ ಸೀಮಿತ ವರ್ಷಗಳ ಅಧಿಕಾರಿ ಸೇವೆ ಇದೆ. ಬಿಎಸ್ಸಿ, ಪೋಸ್ಟ್ ಬೇಸಿಕ್ ಬಿಎಸ್ಸಿ (ಡಿಪ್ಲೊಮಾ ನಂತರದ ಪದವಿ) ಅಥವಾ ಎಂಎಸ್ಸಿ ನರ್ಸಿಂಗ್ ಮುಗಿಸಿ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿಯಾಗಿರಬೇಕು. ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಮಾತ್ರ ಓದಿದವರು ಮೊದಲು ಪೋಸ್ಟ್ ಬೇಸಿಕ್ ಮುಗಿಸಿಕೊಳ್ಳಬೇಕು.