ಇಟ್ಟ ವಸ್ತು ಕೈಗೆ ಸಿಗಬೇಕೆ? ಗ್ರೀಕರ ಹಾಗೆ ಮನೆ ಜೋಡಿಸಿ

ಅಥೆನ್ಸಿನ ಸ್ಥಿತಿವಂತ ಇಸ್ಕೋಮಾಕಸ್ ಒಂದು ದಿನ ಹೆಂಡತಿಯ ಹತ್ತಿರ ಏನನ್ನೋ ಕೇಳಿದ. ಹುಡುಕಿದರೂ ಅದು ಅವಳಿಗೆ ಸಿಗಲಿಲ್ಲ. ಮದುವೆಯಾಗಿ ಬಂದಾಗ ಹದಿನೈದೂ ತುಂಬಿರದ ಹುಡುಗಿ ಅವಳು, ಮುಖ ಕೆಂಪಾಯಿತು. ಯಾವುದನ್ನು ಎಲ್ಲಿಡಬೇಕೆಂದು ಹೇಳಿಕೊಡದ ತಪ್ಪು ತನ್ನದೇ ಎಂದು ಅವನು ಒಪ್ಪಿಕೊಂಡ. ಕ್ರಿ.ಪೂ. 4ನೇ ಶತಮಾನದಲ್ಲಿ ಗ್ರೀಕ್ ಲೇಖಕ ಕ್ಸೆನೊಫೋನ್ ಮನೆವಾರ್ತೆಯ ಬಗ್ಗೆ ಬರೆದ ‘ಒಯಿಕೊನೊಮಿಕೋಸ್’ ಸಂವಾದದಲ್ಲಿ ಬರುವ ಪ್ರಸಂಗವಿದು. ‘ಒಯಿಕೋಸ್’ ಎಂದರೆ ಗೋಡೆ-ಸೂರು ಮಾತ್ರವಲ್ಲ. ಹೊಲ, ದನ, ಆಳುಕಾಳು ಎಲ್ಲ ಸೇರಿದ ಸಂಸಾರ. ‘ಇಕನಾಮಿಕ್ಸ್’ ಎಂಬ ಪದದ ಬೇರೂ ಇಲ್ಲೇ ಇದೆ.

ಮೊದಲು ಬೇಡದ್ದನ್ನು ಹೊರಹಾಕಿ. ಊದಲು ಬಾರದವನ ಮನೆಯಲ್ಲಿರುವ ಕೊಳಲು ಆಸ್ತಿಯೇ ಅಲ್ಲ, ಮಾರಿದರೆ ಆಸ್ತಿ ಎನ್ನುತ್ತಾನೆ ಅದೇ ಸಂವಾದದ ಸಾಕ್ರಟಿಸ್. ಅಟ್ಟದ ಮೇಲಿನ ಸಾಮಾನನ್ನು ‘ಇದನ್ನು ಬಳಸಲು ನನಗೆ ಬರುತ್ತದೆಯೆ?’ ಎಂಬ ಒಂದೇ ಪ್ರಶ್ನೆಯಿಂದ ಅರ್ಧಕ್ಕೆ ಇಳಿಸಬಹುದು.

ಆಮೇಲೆ ವಿಂಗಡಣೆ. ಇಸ್ಕೋಮಾಕಸ್ ದಂಪತಿ ಮೊದಲು ಬಲಿಪೂಜೆಯ ಸಾಮಾನು ಎತ್ತಿಟ್ಟರು. ಬಳಿಕ ಹೆಂಗಸರ ಹಬ್ಬದ ಉಡುಗೆ, ಗಂಡಸರ ಹಬ್ಬದ ಮತ್ತು ಯುದ್ಧದ ಉಡುಗೆ, ಹಾಸಿಗೆ, ಪಾದರಕ್ಷೆ, ಆಯುಧ, ಉಣ್ಣೆ ನೂಲುವ ಸಲಕರಣೆ, ರೊಟ್ಟಿ ಹಿಟ್ಟು ನಾದುವ ಪಾತ್ರೆ, ಹೀಗೆ ಒಂದೊಂದು ಜಾತಿಗೆ ಒಂದೊಂದು ಗುಂಪು. ಪ್ರತಿ ಗುಂಪಿನಲ್ಲೂ ದಿನಬಳಕೆಯದು ಬೇರೆ, ಹಬ್ಬದ್ದು ಬೇರೆ. ದಿನಸಿಯಲ್ಲಿ ತಿಂಗಳ ಖರ್ಚಿನದು ಒಂದು ಕಡೆ, ವರ್ಷದ ಲೆಕ್ಕದ್ದು ಇನ್ನೊಂದು ಕಡೆ.

ಎಲ್ಲಿಡಬೇಕೆಂದು ಕೋಣೆಯನ್ನೇ ಕೇಳಿ. ಒಣಗಿದ ಕೋಣೆಗೆ ಧಾನ್ಯ, ತಂಪಾದ ಕೋಣೆಗೆ ವೈನ್, ಭದ್ರವಾದ ಒಳಕೋಣೆಗೆ ಬೆಲೆಬಾಳುವ ಹೊದಿಕೆ, ಪಾತ್ರೆ. ಮನೆ ದಕ್ಷಿಣಕ್ಕೆ ಮುಖ ಮಾಡಿದ್ದರೆ ಚಳಿಗಾಲಕ್ಕೆ ಬಿಸಿಲು, ಬೇಸಿಗೆಗೆ ನೆರಳು.

ಇಸ್ಕೋಮಾಕಸ್‌ಗೆ ಮಾದರಿ ಒಂದು ದೊಡ್ಡ ಹಡಗು, ಕಡಲ ವ್ಯಾಪಾರಕ್ಕೆ ಹೆಸರಾದ ಪ್ರಾಚೀನ ಫಿನೀಷಿಯದ್ದು. ಒರಗಿಕೊಂಡು ಉಣ್ಣುವ ಹತ್ತು ಮಂಚ ಹಿಡಿಯುವ ಊಟದ ಕೋಣೆಯಷ್ಟು ಜಾಗದಲ್ಲಿ ಹಗ್ಗ, ಹಾಯಿ, ಆಯುಧ, ಅಡುಗೆ ಪಾತ್ರೆ ಎಲ್ಲವೂ! ಅಕ್ಷರ ಬಲ್ಲವನು ‘ಸಾಕ್ರಟಿಸ್’ ಹೆಸರಿನಲ್ಲಿ ಯಾವ ಅಕ್ಷರ ಎಲ್ಲಿದೆ ಎಂದು ಹೇಳುವ ಹಾಗೆ, ಚುಕ್ಕಾಣಿಗನ ಸಹಾಯಕ ಅಲ್ಲಿಲ್ಲದಾಗಲೂ ಪ್ರತಿಯೊಂದರ ಜಾಗ ಹೇಳಬಲ್ಲ. ಬಿರುಗಾಳಿ ಎದ್ದಾಗ ಹುಡುಕುತ್ತ ಕೂರಲು ಪುರುಸೊತ್ತೆಲ್ಲಿ?

ಕೊನೆಗೆ ಪಟ್ಟಿ. ಹಬ್ಬಕ್ಕೆ, ಅತಿಥಿಗಳಿಗೆ ಎಂದಿಟ್ಟದ್ದನ್ನು ಎಣಿಸಿ, ಬರೆದು, ಉಗ್ರಾಣದ ಹೆಂಗಸಿಗೆ ಒಪ್ಪಿಸಿ. ಅವಳು ತಿಂಡಿಪೋತಿ, ಕುಡುಕಿ, ನಿದ್ದೆಬಡುಕಿ ಆಗಿರಬಾರದು. ನೆನಪಿನ ಶಕ್ತಿ ಚೆನ್ನಾಗಿರಬೇಕು.

ಆದರೆ ಈ ಓರಣವೆಲ್ಲ ನಿಂತದ್ದು ಗುಲಾಮರ ದುಡಿಮೆಯ ಮೇಲೆ. ಹೆಣ್ಣಾಳು-ಗಂಡಾಳುಗಳ ಕೋಣೆಗಳ ನಡುವೆ ಅಗುಳಿ ಹಾಕಿದ ಬಾಗಿಲು: ಸಾಮಾನು ಕಳುವಾಗಬಾರದು, ಯಜಮಾನನ ಅಪ್ಪಣೆಯಿಲ್ಲದೆ ಆಳುಗಳಿಗೆ ಮಕ್ಕಳಾಗಬಾರದು. ಎರಡನ್ನೂ ಇಸ್ಕೋಮಾಕಸ್ ಒಂದೇ ಉಸಿರಿನಲ್ಲಿ ಹೇಳುತ್ತಾನೆ. ಹೆಂಡತಿಗೆ ಗೃಹಿಣೀಧರ್ಮ ಬೋಧಿಸುವ ಅವನ ಧಾಟಿಯೂ ನನಗಂತೂ ಕಿರಿಕಿರಿ.

ಉಗ್ರಾಣಕ್ಕೆ ಜಾಗವೇ ಇಲ್ಲದವರು ಅಥೆನ್ಸಿನ ಹೆಸರಾಂತ ನಾಯಕ ಪೆರಿಕ್ಲಿಸನ ದಾರಿ ಹಿಡಿಯಬಹುದು. ಅವನು ವರ್ಷದ ಬೆಳೆಯನ್ನು ಒಟ್ಟಿಗೆ ಮಾರಿ, ಬೇಕಾದ್ದನ್ನು ಆಗಾಗ ಸಂತೆಯಿಂದ ತರಿಸುತ್ತಿದ್ದ. ಇವಾಂಜೆಲಸ್ ಎಂಬ ಆಳು ಪ್ರತಿ ಖರ್ಚನ್ನೂ ಅಳೆದು ಲೆಕ್ಕ ಇಡುತ್ತಿದ್ದ. ದೊಡ್ಡ ಮನೆತನಕ್ಕೆ ಇದೆಂಥ ಜುಗ್ಗತನ ಎಂದು ಪೆರಿಕ್ಲಿಸನ ಮಕ್ಕಳೂ ಸೊಸೆಯಂದಿರೂ ಗೊಣಗುತ್ತಿದ್ದರು.